ಅನ್ವಯ: ರಾಯದುರ್ಗ–ಮಡಕಶಿರಾ ಸೀಮೆಯ ವಾಕ್ಯಗಳ ಬೆಳಕಿನಲ್ಲಿ

ಇಂದಿನ ಕನ್ನಡದಲ್ಲಿ ‘ಅನ್ವಯ’ ಎಂಬ ಮಾತು ಹೆಚ್ಚಾಗಿ ಕಣ್ಣಿಗೆ ಬೀಳುವುದು ಪೊಲೀಸ್ ಠಾಣೆ, ನ್ಯಾಯಾಲಯ ಮತ್ತು ಸರ್ಕಾರಿ ಕಚೇರಿಗಳ ಬರಹದಲ್ಲಿ. ಇಂಥ ಕಾಯ್ದೆಯ ಅನ್ವಯ ಪ್ರಕರಣ ದಾಖಲಾಯಿತು, ಇಂಥ ಆದೇಶದ ಅನ್ವಯ ವೇತನ ಬಿಡುಗಡೆಯಾಯಿತು ಎಂಬಲ್ಲಿ ಅದರ ಅರ್ಥ ‘ಪ್ರಕಾರ’ ಎಂದಷ್ಟೇ. ಜಾಹೀರಾತಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಷರತ್ತುಗಳು ಅನ್ವಯಿಸುತ್ತವೆ’ ಎಂದಿರುವಾಗ ಅದು ‘ತಗಲುತ್ತವೆ’ ಎಂಬುದಕ್ಕೆ ಸಮಾನ. ವಿಶ್ವವಿದ್ಯಾಲಯಗಳಲ್ಲಿ ‘ಅನ್ವಯಿಕ’ ಎಂದರೆ ಪ್ರಯೋಗಕ್ಕೆ ಇಳಿಸಿದ್ದು. ವಾಕ್ಯರಚನೆಯ ಪರಿಭಾಷೆಯಾಗಿ ಈ ಪದಕ್ಕಿದ್ದ ಬಾಳು ಮಾತ್ರ ಶಾಲೆಯ ವ್ಯಾಕರಣ ಪುಸ್ತಕಗಳಿಂದ ಮೆಲ್ಲಗೆ ಸರಿದುಹೋಗಿದೆ. ಉಳಿದಿರುವುದು ಪದ್ಯದ ಪಾಠದಲ್ಲಿ, ‘ಅನ್ವಯಿಸಿ ಅರ್ಥ ಹೇಳಿ’ ಎಂಬ ಹಳೆಯ ತಲೆಮಾರಿನ ಪಂಡಿತರ ಮಾತಿನಲ್ಲಿ.

ಅನಂತಪುರದ ಕನ್ನಡ ಶಾಲೆಗಳಲ್ಲಿ ಈ ಪರಿಭಾಷೆಯ ಅಭಾವದಿಂದ ಒಂದು ನಿಜವಾದ ತೊಡಕು ಉಂಟಾಗುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿನ ವಾಕ್ಯದಲ್ಲಿ ತಪ್ಪು ಎಲ್ಲಿದೆ, ಅದು ಎಂಥ ತಪ್ಪು ಎಂಬುದನ್ನು ಹೆಸರಿಟ್ಟು ಹೇಳಲು ಬೇಕಾದ ಪದವೇ ಪಾಠದಲ್ಲಿ ಇಲ್ಲ. ಹೆಸರಿಲ್ಲದ ತಪ್ಪಿಗೆ ಸುಲಭವಾಗಿ ಸಿಗುವ ಹೆಸರು ‘ತೆಲುಗು’.

ಪದದ ಮೂಲದಿಂದ ಹೊರಡುವುದು ಒಳ್ಳೆಯದು. ‘ಅನು’ ಎಂದರೆ ಹಿಂದೆ, ಬೆನ್ನಿಗೆ. ಅದಕ್ಕೆ ಹೋಗುವುದೆಂಬ ಅರ್ಥದ ಧಾತು ಸೇರಿ ‘ಅನ್ವಯ’ವಾಗಿದೆ. ಒಂದರ ಬೆನ್ನಿಗೆ ಇನ್ನೊಂದು ಹೋಗುವುದು, ಹಿಂಬಾಲಿಸುವುದು ಎಂಬುದು ಮೂಲಾರ್ಥ. ಒಂದು ತಲೆಮಾರಿನ ಹಿಂದೆ ಇನ್ನೊಂದು ಬರುವುದರಿಂದ ವಂಶಕ್ಕೂ ಅದೇ ಹೆಸರು ಬಂತು. ಕನ್ನಡ ನಾಡಿನ ಜೈನ ಶಾಸನಗಳಲ್ಲಿ ಗುರುಪರಂಪರೆಯನ್ನು ಹೇಳುವಾಗ ಗಣ, ಗಚ್ಛಗಳೊಡನೆ ‘ಕೊಂಡಕುಂದಾನ್ವಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆಚಾರ್ಯ ಕುಂದಕುಂದರ ಹೆಸರಿಗೆ ಆಧಾರವಾದ ಆ ಕೊಂಡಕುಂದೆಯನ್ನು ವಿದ್ವಾಂಸರು ಗುರುತಿಸುವುದು ಅನಂತಪುರ ಜಿಲ್ಲೆಯದೇ ಊರಾದ, ಗುಂತಕಲ್ಲಿಗೆ ಸಮೀಪದ ಕೊನಕೊಂಡ್ಲದೊಡನೆ. ಶಿಷ್ಯನು ಗುರುವನ್ನು ಹಿಂಬಾಲಿಸುವುದು ಒಂದು ಅನ್ವಯವಾದರೆ, ಕ್ರಿಯಾಪದವು ಕರ್ತೃವನ್ನು ಹಿಂಬಾಲಿಸುವುದು ಇನ್ನೊಂದು. ಎರಡರಲ್ಲಿಯೂ ಇರುವುದು ಸಂಬಂಧದ ಕಲ್ಪನೆ; ಬರಿಯ ಸಾಲಿನಲ್ಲಿ ನಿಲ್ಲುವುದು ಅನ್ವಯವಲ್ಲ.

ಪದಗಳ ಗುಂಪೊಂದು ವಾಕ್ಯವಾಗುವುದು ಯಾವಾಗ ಎಂಬ ಪ್ರಶ್ನೆಗೆ ಭಾರತೀಯ ಶಾಸ್ತ್ರಕಾರರು ಕೊಟ್ಟ ಉತ್ತರ ಮೂರು ಮಾತುಗಳಲ್ಲಿದೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ‘ಕಡಲೆಕಾಯಿ ಎತ್ತು ಬಾವಿ ಮಳೆ’ ಎಂದು ಒಬ್ಬ ರೈತ ಹೇಳಿದರೆ ಪ್ರತಿಯೊಂದು ಪದವೂ ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಒಂದು ಪದ ಇನ್ನೊಂದನ್ನು ಬೇಡುತ್ತಿಲ್ಲ. ಆ ಬೇಡಿಕೆಯೇ ಆಕಾಂಕ್ಷೆ. ‘ಬೆಂಕಿಯಿಂದ ಹೊಲವನ್ನು ನೆನೆಸಿದನು’ ಎಂಬಲ್ಲಿ ವಿಭಕ್ತಿಗಳೆಲ್ಲ ಸರಿಯಾಗಿವೆ, ಒಂದು ಪದ ಇನ್ನೊಂದನ್ನು ಬೇಡುತ್ತಲೂ ಇದೆ. ಆದರೆ ನೆನೆಸುವ ಕೆಲಸಕ್ಕೆ ಬೆಂಕಿ ಒದಗುವುದಿಲ್ಲ. ಅಲ್ಲಿ ಕೊರತೆಯಾದದ್ದು ಯೋಗ್ಯತೆ. ‘ಎತ್ತನ್ನು’ ಎಂದು ಬೆಳಿಗ್ಗೆ ಹೇಳಿ ‘ಕಟ್ಟು’ ಎಂದು ಸಂಜೆ ಹೇಳಿದರೆ ಸನ್ನಿಧಿ ತಪ್ಪಿತು. ಈ ಮೂರೂ ಕೂಡಿದಾಗ ಪದಗಳ ನಡುವೆ ಏರ್ಪಡುವ ಸಂಬಂಧಕ್ಕೆ ಅನ್ವಯ ಎಂದು ಹೆಸರು.

ಮೀಮಾಂಸಕರಲ್ಲಿ ಈ ವಿಷಯಕ್ಕೇ ಎರಡು ಪಂಥಗಳಾದವು. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ಹೇಳುತ್ತವೆ, ಆಮೇಲೆ ಆ ಅರ್ಥಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದರು ಕುಮಾರಿಲ ಭಟ್ಟನ ಅನುಯಾಯಿಗಳು; ಇದು ಅಭಿಹಿತಾನ್ವಯವಾದ. ಹಾಗಲ್ಲ, ಪದವು ತನ್ನ ಅರ್ಥವನ್ನು ಹೇಳುವಾಗಲೇ ಇತರ ಪದಗಳ ಸಂಬಂಧವನ್ನು ಹೊತ್ತುಕೊಂಡೇ ಹೇಳುತ್ತದೆ ಎಂದರು ಪ್ರಭಾಕರನ ಅನುಯಾಯಿಗಳು, ಇದು ಅನ್ವಿತಾಭಿಧಾನವಾದ. ವಾದದ ಆಳಕ್ಕೆ ಇಲ್ಲಿ ಇಳಿಯಬೇಕಿಲ್ಲ. ಮಗು ಮಾತು ಕಲಿಯುವುದನ್ನು ನೋಡಿದವರಿಗೆ ಪ್ರಭಾಕರನ ಪಕ್ಷವೇ ಹತ್ತಿರವೆನಿಸೀತು: ‘ಕೊಡು’ ಎಂಬ ಪದವನ್ನು ಮಗು ಒಂಟಿಯಾಗಿ ಕಲಿಯುವುದಿಲ್ಲ, ಕೊಡುವವರು, ಪಡೆಯುವವರು, ಕೊಡುವ ವಸ್ತು ಮೂರರ ಜೊತೆಗೇ ಕಲಿಯುತ್ತದೆ.

ಪಾಠ ಹೇಳುವವರಿಗೆ ಅನ್ವಯವು ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದು ಕೆಲಸ. ಪದ್ಯದಲ್ಲಿ ಛಂದಸ್ಸಿಗಾಗಿ ಚದುರಿದ ಪದಗಳನ್ನು ಗದ್ಯದ ಕ್ರಮಕ್ಕೆ ತರುವ ಆ ಕೆಲಸಕ್ಕೆ ಎರಡು ದಾರಿಗಳಿವೆ. ವಿಶೇಷಣಗಳೊಡನೆ ಕರ್ತೃ, ಆಮೇಲೆ ಕರ್ಮ, ಕೊನೆಗೆ ಕ್ರಿಯಾಪದ ಎಂದು ಕೋಲಿನಂತೆ ನೇರವಾಗಿ ಜೋಡಿಸಿದರೆ ಅದು ದಂಡಾನ್ವಯ. ಕ್ರಿಯಾಪದವನ್ನು ಮೊದಲು ಹಿಡಿದು ಯಾರು, ಏನನ್ನು, ಯಾರಿಗೆ, ಎಲ್ಲಿ, ಎಂಥ ಎಂದು ಒಂದೊಂದೇ ಪ್ರಶ್ನೆ ಹಾಕುತ್ತ ಉಳಿದ ಪದಗಳನ್ನು ಕರೆತಂದರೆ ಅದು ಖಂಡಾನ್ವಯ. ಎರಡನೆಯ ದಾರಿಯಲ್ಲಿ ಆಕಾಂಕ್ಷೆ ಎಂಬ ಶಾಸ್ತ್ರದ ಮಾತು ತರಗತಿಯ ಪ್ರಶ್ನೆಯಾಗಿ ಬಾಯಿಬಿಡುತ್ತದೆ. ಸಂಬಂಧವಿರುವ ಎರಡು ಪದಗಳು ಒಂದಕ್ಕೊಂದು ತೀರ ದೂರ ಬಿದ್ದು ಅರ್ಥ ಕಷ್ಟವಾದರೆ ಅದನ್ನು ದೂರಾನ್ವಯವೆಂದು ದೋಷಗಳ ಸಾಲಿಗೆ ಸೇರಿಸಿದರು.

ಅನ್ವಯದ ಸಂದೇಹಕ್ಕೆ ಪದ್ಯವೇ ಬೇಕೆಂದಿಲ್ಲ. ‘ನಿನ್ನೆ ಬಂದ ಮೇಷ್ಟರ ತಮ್ಮ’ ಎಂಬ ನಾಲ್ಕು ಪದಗಳನ್ನು ನೋಡಬಹುದು. ನಿನ್ನೆ ಬಂದವರು ಮೇಷ್ಟರೋ ಅವರ ತಮ್ಮನೋ? ಪದಕ್ರಮ ಒಂದೇ, ವಿಭಕ್ತಿ ಒಂದೇ. ‘ಬಂದ’ ಎಂಬ ಕೃದಂತವನ್ನು ಯಾವುದಕ್ಕೆ ಅನ್ವಯಿಸಬೇಕು ಎಂಬುದರಲ್ಲಿ ಅರ್ಥ ಎರಡಾಗುತ್ತದೆ. ವಾಕ್ಯವೆಂದರೆ ಪದಗಳ ಸಾಲು ಎಂದಷ್ಟೇ ಕಲಿತ ವಿದ್ಯಾರ್ಥಿಗೆ ಈ ಎರಡು ಅರ್ಥಗಳನ್ನು ಬಿಡಿಸಿ ತೋರಿಸುವುದು ಸಾಧ್ಯವಾಗುವುದಿಲ್ಲ. ಸಾಲಿನ ಅಡಿಯಲ್ಲಿ ಸಂಬಂಧ ಎಂಬುದೊಂದು ಇದೆಯೆಂದು ಒಪ್ಪಿದಾಗ ಮಾತ್ರ ಸಾಧ್ಯ.

ಇಷ್ಟು ಹೇಳಿದ ಮೇಲೆ, ಕನ್ನಡದ ಹಳೆಯ ವ್ಯಾಕರಣಗಳಲ್ಲಿ ಈ ಪರಿಭಾಷೆಗೆ ಯಾವ ಸ್ಥಾನವಿತ್ತು ಎಂದು ಕೇಳಬೇಕಾಗುತ್ತದೆ. ಉತ್ತರ ಅಷ್ಟು ತೃಪ್ತಿಕರವಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ, ವಾಕ್ಯಕ್ಕೆಂದೇ ಒಂದು ಪ್ರಕರಣವಿಲ್ಲ. ಕಾರಕಗಳ ವಿಚಾರ ವಿಭಕ್ತಿಗಳ ಜೊತೆಯಲ್ಲಿ, ಲಿಂಗವಚನಗಳ ವಿಚಾರ ನಾಮ ಮತ್ತು ಆಖ್ಯಾತಗಳ ಜೊತೆಯಲ್ಲಿ ಬರುತ್ತದೆ. ವಾಕ್ಯವನ್ನು ಮೀಮಾಂಸಕರಿಗೂ ಆಲಂಕಾರಿಕರಿಗೂ ಬಿಟ್ಟು ಪದವನ್ನು ವೈಯಾಕರಣರು ಇಟ್ಟುಕೊಂಡಂತೆ ಕಾಣುತ್ತದೆ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಎತ್ತಿದ ಆಕ್ಷೇಪ ಬೇರೆ ಬಗೆಯದು. ಸಂಸ್ಕೃತದ ಚೌಕಟ್ಟು ಕನ್ನಡಕ್ಕೆ ಹೊಂದುವುದಿಲ್ಲ ಎಂಬುದು ಅವರ ನಿಲುವು. ಆ ನಿಲುವನ್ನು ಪೂರ್ತಿ ಒಪ್ಪಿದರೂ ‘ಅನ್ವಯ’ವನ್ನು ಬಿಟ್ಟುಕೊಡಬೇಕಾಗಿಲ್ಲ. ಅದು ಸಂಸ್ಕೃತದ ಪದವಾದರೂ ಸಂಸ್ಕೃತದ ನಿಯಮವಲ್ಲ. ಯಾವ ಭಾಷೆಯ ವಾಕ್ಯಕ್ಕೂ ಕೇಳಬಹುದಾದ ಒಂದು ಪ್ರಶ್ನೆ.

ಆ ಪ್ರಶ್ನೆಯನ್ನು ಕೇಳಲು ರಾಯದುರ್ಗ ಮತ್ತು ಮಡಕಶಿರಾಗಳಷ್ಟು ತಕ್ಕ ನೆಲ ವಿರಳ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯದ ರಚನೆಯಾದಾಗ ಬಳ್ಳಾರಿ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ಮಡಕಶಿರಾದ ಕತೆ ಬೇರೆ. ಅದು 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಮಾಡಿದ ಅನಂತಪುರ ಜಿಲ್ಲೆಯಲ್ಲಿದ್ದು, ಬಹುಪಾಲು ಸುತ್ತಲೂ ತುಮಕೂರು ಜಿಲ್ಲೆಯ ಊರುಗಳನ್ನೇ ನೆರೆಯಾಗಿ ಹೊಂದಿರುವ ಸೀಮೆ. 2022ರ ಏಪ್ರಿಲ್‌ನಲ್ಲಿ ಹೊಸದಾಗಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಈ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ಅರಸರು ಕನ್ನಡದಲ್ಲಿ ಶಾಸನ ಬರೆಸಿದರು. ರಾಯದುರ್ಗದ ಜೀನ್ಸ್ ಹೊಲಿಯುವ ಮಳಿಗೆಗಳಲ್ಲಿ, ಅಗಳಿ, ರೊಳ್ಳ, ಅಮರಾಪುರಗಳ ಸಂತೆಗಳಲ್ಲಿ ಒಂದೇ ವ್ಯವಹಾರ ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಹೀಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಇಷ್ಟು ಸಲೀಸಾಗಲು ಕಾರಣ ಪದಕ್ರಮ. ‘ನಿನ್ನೆ ಸಂತೆಯಲ್ಲಿ ಅಕ್ಕ ಕೊಂಡ ಸೀರೆಯನ್ನು ಅಮ್ಮನಿಗೆ ಕೊಟ್ಟೆನು’ ಎಂಬ ಕನ್ನಡ ವಾಕ್ಯಕ್ಕೆ ತೆಲುಗಿನಲ್ಲಿ ‘ನಿನ್ನ ಸಂತಲೋ ಅಕ್ಕ ಕೊನ್ನ ಚೀರನು ಅಮ್ಮಕು ಇಚ್ಚಾನು’ ಎನ್ನುತ್ತಾರೆ. ಏಳು ಪದಗಳು, ಏಳು ಸ್ಥಾನಗಳು. ಒಂದರ ಮೇಲೊಂದು ಇಟ್ಟರೆ ಅಂಚು ಕೂಡ ಹೊರಗೆ ಇಣುಕುವುದಿಲ್ಲ. ‘ಕೊಂಡ’, ‘ಕೊನ್ನ’ ಎಂಬ ಕೃದಂತಗಳು ಎರಡರಲ್ಲಿಯೂ ಸೀರೆಯ ಮುಂದೆಯೇ ನಿಂತಿವೆ. ಎರಡು ವಾಕ್ಯಗಳಲ್ಲಿಯೂ ಕರ್ತೃಪದ ಬಾಯಿಗೆ ಬಂದೇ ಇಲ್ಲ. ಕ್ರಿಯಾಪದದ ಕೊನೆಯ ಪ್ರತ್ಯಯದಿಂದ ‘ನಾನು’ ತಿಳಿಯುತ್ತದೆ. ಈ ವಾಕ್ಯವನ್ನು ಕಲಿಸಲು ಬೇಕಾದದ್ದು ಶಬ್ದಕೋಶ ಮಾತ್ರ ಎನಿಸುವುದು ಸಹಜ. ಕರ್ತೃ–ಕರ್ಮ–ಕ್ರಿಯೆ ಎಂಬ ಕ್ರಮವನ್ನು ಪಾಠ ಮಾಡುವ ಪುಸ್ತಕದಿಂದ ಈ ಸೀಮೆಯ ಮಗು ಹೊಸದೇನನ್ನೂ ಪಡೆಯುವುದಿಲ್ಲ. ಆ ಕ್ರಮ ಅದಕ್ಕೆ ಎರಡು ಸಲ ಗೊತ್ತಿದೆ.

ಗೊತ್ತಿಲ್ಲದ್ದು ಇರುವುದು ಅನ್ವಯದಲ್ಲಿ. ಮೇಲಿನ ವಾಕ್ಯದ ಕರ್ತೃ ‘ನಾನು’ ಆದದ್ದರಿಂದ ಭೇದ ಮರೆಯಾಯಿತು. ಅಕ್ಕನನ್ನೇ ಕರ್ತೃವಾಗಿ ಮಾಡಿದೊಡನೆ ಅದು ಹೊರಬೀಳುತ್ತದೆ.

ಕನ್ನಡದಲ್ಲಿ ಅವನು ಬಂದನು, ಅವಳು ಬಂದಳು, ಅದು ಬಂದಿತು. ಏಕವಚನದಲ್ಲಿ ಮೂರು ಕರ್ತೃಗಳಿಗೆ ಮೂರು ಕ್ರಿಯಾರೂಪಗಳು. ತೆಲುಗಿನಲ್ಲಿ ‘ಅತಡು ವಚ್ಚಾಡು’ ಎಂದರೆ ಅವನು ಬಂದನು. ‘ಆಮೆ ವಚ್ಚಿಂದಿ’ ಎಂದರೆ ಅವಳು ಬಂದಳು. ‘ಅದಿ ವಚ್ಚಿಂದಿ’ ಎಂದರೆ ಅದು ಬಂದಿತು. ಹೆಂಗಸಿಗೂ ಹಸುವಿಗೂ ಬಸ್ಸಿಗೂ ಕ್ರಿಯಾಪದ ಒಂದೇ. (‘ಆಮೆ’ ಎಂಬ ಸರ್ವನಾಮ ಕನ್ನಡದ ಕಿವಿಗೆ ಕೆರೆಯ ಪ್ರಾಣಿಯಾಗಿ ಕೇಳಿ ಮಕ್ಕಳಿಗೆ ನಗು ತರಿಸುವುದು ಬೇರೆಯ ಮಾತು.) ಬಹುವಚನಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ‘ಇಬ್ಬರು ಹೆಂಗಸರು ಬಂದರು’ ಎಂಬುದಕ್ಕೆ ತೆಲುಗಿನಲ್ಲಿಯೂ ‘ಇದ್ದರು ಆಡವಾಳ್ಳು ವಚ್ಚಾರು’. ‘ಎರಡು ಹಸುಗಳು ಬಂದವು’ ಎಂಬುದಕ್ಕೆ ‘ರೆಂಡು ಆವುಲು ವಚ್ಚಾಯಿ’. ಅಂದರೆ ಹೆಣ್ಣು ಒಬ್ಬಳಾಗಿದ್ದಾಗ ಕ್ರಿಯಾಪದದಲ್ಲಿ ವಸ್ತುಗಳ ಸಾಲಿಗೆ ಸೇರುತ್ತಾಳೆ. ಇಬ್ಬರಾದೊಡನೆ ಮನುಷ್ಯರ ಸಾಲಿಗೆ ಬರುತ್ತಾರೆ. ಕನ್ನಡವೂ ತೆಲುಗೂ ಬಹುವಚನದಲ್ಲಿ ಒಂದಾಗಿ ಏಕವಚನದಲ್ಲಿ ಬೇರೆಯಾಗಿವೆ.

ತೆಲುಗಿನ ವೈಯಾಕರಣರು ಇದನ್ನು ಮರೆಮಾಚಲಿಲ್ಲ, ಅದಕ್ಕೆ ಹೆಸರಿಟ್ಟರು. ಗಂಡಸರನ್ನು ಹೇಳುವ ಪದ ಮಹತ್ತು, ಉಳಿದದ್ದು ಅಮಹತ್ತು. ಸ್ತ್ರೀವಾಚಕವು ಏಕವಚನದಲ್ಲಿ ಅಮಹತ್ತಿನಂತೆಯೂ ಬಹುವಚನದಲ್ಲಿ ಮಹತ್ತಿನಂತೆಯೂ ನಡೆಯುತ್ತದೆ. ಪರವಸ್ತು ಚಿನ್ನಯಸೂರಿಯ ‘ಬಾಲವ್ಯಾಕರಣಮು’ 1858ರಲ್ಲಿ ಪ್ರಕಟವಾದ ಮೇಲೆ ತೆಲುಗು ಶಾಲೆಗಳಲ್ಲಿ ಈ ಪರಿಭಾಷೆ ಗಟ್ಟಿಯಾಗಿ ನೆಲೆಗೊಂಡಿತು. ಮಹತ್ತು ಎಂಬ ಹೆಸರಿನಲ್ಲಿ ಅಡಗಿದ ದೊಡ್ಡಸ್ತಿಕೆಯ ಬಗ್ಗೆ ಇಂದಿನ ಓದುಗರಿಗೆ ಆಕ್ಷೇಪವಿರುವುದು ನ್ಯಾಯವೇ. ಆದರೆ ಹೆಸರಿರುವುದರಿಂದ ತೆಲುಗು ವಿದ್ಯಾರ್ಥಿಗೆ ತನ್ನ ಭಾಷೆಯ ವಿಭಾಗವೊಂದು ಕಣ್ಣೆದುರಿಗೆ ನಿಲ್ಲುತ್ತದೆ ಎಂಬುದನ್ನೂ ಒಪ್ಪಬೇಕು.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಮಾಧ್ಯಮ, ಜೊತೆಗೆ ತೆಲುಗಿನ ಪಾಠ ಇರುವ ಒಬ್ಬ ವಿದ್ಯಾರ್ಥಿನಿ ಪರೀಕ್ಷೆಯ ಪ್ರಬಂಧದಲ್ಲಿ ‘ಹಬ್ಬಕ್ಕೆ ಅಕ್ಕ ಊರಿನಿಂದ ಬಂತು’ ಎಂದು ಬರೆದಳೆನ್ನೋಣ. ಕೆಂಪು ಶಾಯಿ ‘ಬಂತು’ವಿನ ಕೆಳಗೆ ಗೆರೆ ಎಳೆಯುತ್ತದೆ. ಗೆರೆಯ ಪಕ್ಕದಲ್ಲಿ ಏನು ಬರೆಯಬೇಕು? ‘ತೆಲುಗು ಪ್ರಭಾವ’ ಎಂದು ಬರೆದರೆ ಅದು ವಿವರಣೆಯಂತೆ ತೋರುವ ಆಪಾದನೆ. ‘ಲಿಂಗದೋಷ’ ಎಂದರೂ ಅರ್ಧ ಸತ್ಯ. ‘ಅಕ್ಕ’ ಸ್ತ್ರೀಲಿಂಗವೆಂದು ವಿದ್ಯಾರ್ಥಿನಿಗೆ ಗೊತ್ತಿಲ್ಲದೆ ಇಲ್ಲ, ಅದೇ ಪ್ರಬಂಧದಲ್ಲಿ ಆಕೆ ‘ಅವಳ ಸೀರೆ’ ಎಂದು ಬರೆದಿರಬಹುದು. ತಪ್ಪಿದ್ದು ಪದದ ಲಿಂಗಜ್ಞಾನವಲ್ಲ; ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರಬೇಕಾದ ಅನ್ವಯ. ಎರಡು ಭಾಷೆಗಳು ಆ ಒಂದು ಕೊಂಡಿಯನ್ನು ಬೇರೆ ಬೇರೆ ರೀತಿಯಲ್ಲಿ ಹಾಕುತ್ತವೆ.

ಇಲ್ಲಿಗೆ ವಿಷಯ ಮುಗಿದಿದ್ದರೆ ಸುಲಭವಾಗುತ್ತಿತ್ತು. ಕನ್ನಡದ ಶಾಲಾ ವ್ಯಾಕರಣವನ್ನು ಇನ್ನೊಮ್ಮೆ ತೆರೆದರೆ ಬೇರೊಂದು ಸಂಗತಿ ಕಾಣುತ್ತದೆ. ಲಿಂಗಗಳು ಮೂರೇ ಎಂದು ಹೇಳಿ ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲ. ಸೂರ್ಯ ಮೂಡಿದನು, ಸೂರ್ಯ ಮೂಡಿತು ಎಂಬ ಎರಡೂ ಸರಿಯಾದ್ದರಿಂದ ಪುನ್ನಪುಂಸಕಲಿಂಗ. ದೇವತೆ ಒಲಿದಳು, ದೇವತೆ ಒಲಿಯಿತು. ಹುಡುಗಿ ಬಂದಳು, ಹುಡುಗಿ ಬಂತು ಎಂಬವು ಸರಿಯಾದ್ದರಿಂದ ಸ್ತ್ರೀನಪುಂಸಕಲಿಂಗ. ಮಗು, ಕೂಸು, ಶಿಶು ಮೊದಲಾದವು ಗಂಡನ್ನು ಹೇಳಲಿ ಹೆಣ್ಣನ್ನು ಹೇಳಲಿ ನಿತ್ಯನಪುಂಸಕ. ಈ ವಿಂಗಡಣೆಯ ಬೇರು ಕೇಶಿರಾಜನವರೆಗೂ ಹೋಗುತ್ತದೆ. ಹೀಗಿರುವಾಗ ‘ಹುಡುಗಿ ಬಂತು’ ಕನ್ನಡವಾಗಿ, ‘ಅಕ್ಕ ಬಂತು’ ತೆಲುಗಾಗುವುದು ಯಾವ ನ್ಯಾಯದಿಂದ?

ನ್ಯಾಯವಿದೆ, ಆದರೆ ಅದನ್ನು ಹುಡುಕಿ ತೆಗೆಯಬೇಕು. ಕನ್ನಡದಲ್ಲಿ ‘ಹುಡುಗಿ ಬಂತು’ ಎಂಬಲ್ಲಿ ನಪುಂಸಕ ಕ್ರಿಯಾಪದ ಒಂದು ಆಯ್ಕೆ. ‘ಬಂದಳು’ ಎನ್ನುವ ದಾರಿ ತೆರೆದಿದ್ದೂ ‘ಬಂತು’ ಎಂದಾಗ ಅಲ್ಲಿ ಎಳೆತನ, ಸಲಿಗೆ, ಮುದ್ದು, ಕೆಲವೊಮ್ಮೆ ಕನಿಕರ ಸೇರಿಕೊಳ್ಳುತ್ತದೆ. ‘ಪಾಪ, ಆ ಹುಡುಗಿ ದಿನವೂ ಅಷ್ಟು ದೂರ ನಡೆದು ಬರುತ್ತೆ’ ಎಂಬ ಮಾತಿನ ದನಿಯನ್ನು ‘ಬರುತ್ತಾಳೆ’ ಪೂರ್ತಿಯಾಗಿ ಹಿಡಿಯುವುದಿಲ್ಲ. ತೆಲುಗಿನ ‘ಅಕ್ಕ ವಚ್ಚಿಂದಿ’ಯಲ್ಲಿ ಅಂಥ ಆಯ್ಕೆಯಿಲ್ಲ, ಆದ್ದರಿಂದ ಅಂಥ ದನಿಯೂ ಇಲ್ಲ. ಅಲ್ಲಿ ಅಕ್ಕನಿಗೆ ಅಗೌರವವಾಗಲಿ ಮುದ್ದಾಗಲಿ ಸೂಚಿತವಾಗುವುದಿಲ್ಲ. ಅದು ವ್ಯಾಕರಣದ ಸಾಮಾನ್ಯ ನಡೆ. ಗೌರವ ಬೇಕಾದಾಗ ಎರಡು ಭಾಷೆಗಳೂ ಬಹುವಚನಕ್ಕೆ ಹೋಗುತ್ತವೆ: ಅಜ್ಜಿಯವರು ಬಂದರು, ‘ಅವ್ವಗಾರು ವಚ್ಚಾರು’. ಒಂದೇ ತೆರನಾಗಿ ಕಾಣುವ ರೂಪ ಒಂದು ಭಾಷೆಯಲ್ಲಿ ಭಾವವನ್ನು ಹೊತ್ತಿದೆ, ಇನ್ನೊಂದರಲ್ಲಿ ಹೊತ್ತಿಲ್ಲ. ಪ್ರಬಂಧದಲ್ಲಿ ‘ಬಂತು’ ಎಂಬುದನ್ನು ‘ಬಂದಳು’ ಎಂದು ತಿದ್ದಲು ಇದು ಸಾಕಾದ ಕಾರಣ, ಮತ್ತು ಮಗುವಿಗೆ ಹೇಳಬಹುದಾದ ಕಾರಣ.

‘ಇದು ಅಚ್ಚಕನ್ನಡದ ಜಾಯಮಾನವಲ್ಲ’ ಎಂಬ ವಾದಕ್ಕೆ ಮಾತ್ರ ಆಧಾರ ಸಾಲದು. ಕಾಸರಗೋಡು, ದಕ್ಷಿಣ ಕನ್ನಡಗಳ ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ಕುರಿತ ಏಕವಚನದಲ್ಲಿ ನಪುಂಸಕದ ಕ್ರಿಯಾರೂಪವೇ ರೂಢಿ. ಅಲ್ಲಿಗೆ ತೆಲುಗಿನ ಗಾಳಿ ಬೀಸಿದ್ದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಮೂಲ ದ್ರಾವಿಡದಲ್ಲಿ ಏಕವಚನಕ್ಕೆ ಗಂಡು ಒಂದು ವರ್ಗ, ಉಳಿದದ್ದೆಲ್ಲ ಇನ್ನೊಂದು ವರ್ಗ ಎಂಬ ವ್ಯವಸ್ಥೆಯಿತ್ತೆಂದೂ ‘ಅವಳ್’ ಎಂಬ ಪ್ರತ್ಯೇಕ ಸ್ತ್ರೀಲಿಂಗ ರೂಪ ಕನ್ನಡ, ತಮಿಳು ಮೊದಲಾದ ದಕ್ಷಿಣದ ಶಾಖೆಯಲ್ಲಿ ಆಮೇಲೆ ಬೆಳೆಯಿತೆಂದೂ ಭದ್ರಿರಾಜು ಕೃಷ್ಣಮೂರ್ತಿ ವಾದಿಸಿದ್ದಾರೆ. ಅವರ ಮಾತನ್ನು ಒಪ್ಪಿದರೆ ತೆಲುಗಿನ ಕ್ರಮವೇ ಹಳೆಯದು, ಕನ್ನಡದ್ದು ಹೊಸದು. ಹೊಸದಾದ ಮಾತ್ರಕ್ಕೆ ಅದನ್ನು ಕಡೆಗಣಿಸಬೇಕಿಲ್ಲ. ಕನ್ನಡವು ಹೆಣ್ಣಿಗೆ ಕ್ರಿಯಾಪದದಲ್ಲಿ ತನ್ನದೇ ಸ್ಥಾನ ಕೊಟ್ಟ ಭಾಷೆ ಎಂದು ಪಾಠದಲ್ಲಿ ಹೇಳಿದರೆ ‘ಬಂದಳು’ ಎಂಬ ರೂಪದ ಬಗ್ಗೆ ವಿದ್ಯಾರ್ಥಿನಿಗೆ ಅಭಿಮಾನ ಹುಟ್ಟೀತು. ಕೆಂಪು ಗೆರೆಯಿಂದ ಅದು ಹುಟ್ಟಲಾರದು.

ಗಡಿನಾಡಿನಲ್ಲಿ ಅನ್ವಯ ಸಡಿಲವಾಗುವುದು ಅಪೂರ್ವವೂ ಅಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪ್ವಾಡ ಗ್ರಾಮದ ಕನ್ನಡ, ಮರಾಠಿ, ಉರ್ದುಗಳ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅಲ್ಲಿಯ ಮರಾಠಿ ತನ್ನ ವ್ಯಾಕರಣಲಿಂಗವನ್ನು ಬಿಟ್ಟು ಕನ್ನಡದಂತೆ ಅರ್ಥವನ್ನು ನೋಡಿ ಲಿಂಗವನ್ನು ಗೊತ್ತುಮಾಡುತ್ತದೆ. ಅಲ್ಲಿಯ ಕನ್ನಡ ‘ಇದು ನಿಮ್ಮ ಮನೆ’ ಎಂಬಂಥ ಕ್ರಿಯಾಪದವಿಲ್ಲದ ವಾಕ್ಯಗಳಿಗೆ ಮರಾಠಿ, ಉರ್ದುಗಳಂತೆ ‘ಇದೆ’ ಎಂಬರ್ಥದ ಕ್ರಿಯಾಪದವನ್ನು ಸೇರಿಸಿಕೊಂಡಿದೆ. ಕನ್ನಡವು ಒಂದು ಗಡಿಯಲ್ಲಿ ಲಿಂಗದ ಅನ್ವಯವನ್ನು ಕೊಟ್ಟಿದೆ. ಇನ್ನೊಂದು ಗಡಿಯಲ್ಲಿ ಅದೇ ಕೊಂಡಿ ಅಲುಗಿದರೆ ಅದನ್ನು ಭಾಷೆಯ ಅವನತಿ ಎನ್ನುವುದು ಅವಸರದ ತೀರ್ಮಾನ.

ಕ್ರಿಯಾಪದವಿಲ್ಲದ ವಾಕ್ಯದ ಮಾತು ಬಂದದ್ದರಿಂದ ಅನಂತಪುರ ಸೀಮೆಗೆ ಹೊಂದುವ ಇನ್ನೊಂದು ಭೇದವನ್ನೂ ನೋಡಬಹುದು. ‘ನಾನು ರೈತ, ನೀನು ರೈತ, ನಾವು ರೈತರು’ ಎಂದು ಕನ್ನಡ ಹೇಳುತ್ತದೆ. ‘ರೈತ’ ಎಂಬ ನಾಮಪದಕ್ಕೆ ವಚನ ಸೇರಿದರೆ ಸಾಕು, ಪುರುಷ ಬೇಡ. ತೆಲುಗಿನಲ್ಲಿ ‘ನೇನು ರೈತುನು, ನುವ್ವು ರೈತುವಿ, ಮೇಮು ರೈತುಲಂ’. ಉತ್ತಮ, ಮಧ್ಯಮ ಪುರುಷಗಳಲ್ಲಿ ನಾಮಪದವೂ ಕ್ರಿಯಾಪದದ ಹಾಗೆ ಕರ್ತೃವನ್ನು ಹಿಂಬಾಲಿಸಬೇಕು. ಕನ್ನಡದ ಮಗು ತೆಲುಗಿನಲ್ಲಿ ‘ನೇನು ರೈತು’ ಎಂದು ಬರೆದು ಅಲ್ಲಿಯ ಕೆಂಪು ಶಾಯಿಗೆ ಗುರಿಯಾಗುವುದು ಈ ಕಾರಣದಿಂದ. ಕನ್ನಡದ ತರಗತಿಯಲ್ಲಿ ತೆಲುಗಿನ ಅನ್ವಯ, ತೆಲುಗಿನ ತರಗತಿಯಲ್ಲಿ ಕನ್ನಡದ ಅನ್ವಯ: ಒಂದೇ ಮಗು ಎರಡು ಕಡೆಯಲ್ಲಿಯೂ ಅಂಕ ಕಳೆದುಕೊಳ್ಳುತ್ತದೆ, ಎರಡು ಕಡೆಯಲ್ಲಿಯೂ ಪದಕ್ರಮ ನಿರ್ದೋಷವಾಗಿದ್ದರೂ.

ಸಂವಿಧಾನದ 350–ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಅನುಕೂಲವೆಂದರೆ ಕಟ್ಟಡ, ಶಿಕ್ಷಕ, ಪಠ್ಯಪುಸ್ತಕ ಎಂದು ಎಣಿಸುವುದು ವಾಡಿಕೆ. ಪಠ್ಯಪುಸ್ತಕದ ಒಳಗಿನ ವ್ಯಾಕರಣಪಾಠ ಯಾವ ಮಗುವನ್ನು ಎದುರಿಗಿಟ್ಟುಕೊಂಡು ಬರೆದದ್ದು ಎಂಬ ಪ್ರಶ್ನೆಯೂ ಅದರಲ್ಲಿ ಸೇರಬೇಕು. ಕನ್ನಡ ಮಾತ್ರ ಬಲ್ಲ ಮಗುವಿಗಾಗಿ ಬರೆದ ಪಾಠದಲ್ಲಿ ಕರ್ತೃ–ಕ್ರಿಯೆಗಳ 
ಹೊಂದಾಣಿಕೆಗೆ ನಾಲ್ಕು ಸಾಲು ಸಾಕು. ಅದು ಆ ಮಗುವಿಗೆ ಉಸಿರಿನಷ್ಟು ಸಹಜ. ಗಡಿಯ ಮಗುವಿಗೆ ಆ ನಾಲ್ಕು ಸಾಲೇ ಅಧ್ಯಾಯವಾಗಬೇಕು. ಪದಕ್ರಮದ ಅಧ್ಯಾಯ ನಾಲ್ಕು ಸಾಲಾದರೂ ನಷ್ಟವಿಲ್ಲ.

ಅದಕ್ಕೆ ಹೊಸ ವಿಧಾನವನ್ನು ಹುಡುಕಬೇಕಾಗಿಲ್ಲ. ಖಂಡಾನ್ವಯದ ಹಳೆಯ ಪ್ರಶ್ನೋತ್ತರವೇ ಒದಗುತ್ತದೆ. ‘ಬಂದಳು’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಯಾರು ಎಂದು ಕೇಳುವುದು. ಅಕ್ಕ, ಅತ್ತೆ, ಟೀಚರ್ ಎಂಬ ಉತ್ತರಗಳು ಬರುತ್ತವೆ, ಎಮ್ಮೆ ಬರುವುದಿಲ್ಲ. ಪಕ್ಕದಲ್ಲಿ ‘ವಚ್ಚಿಂದಿ’ ಎಂದು ಬರೆದು ಅದೇ ಪ್ರಶ್ನೆ ಹಾಕಿದರೆ ಅಕ್ಕ, ಎಮ್ಮೆ, ಬಸ್ಸು, ಮಳೆ ಎಲ್ಲವೂ ಬರುತ್ತವೆ. ಒಂದು ಕ್ರಿಯಾಪದ ಎಷ್ಟು ಕರ್ತೃಗಳನ್ನು ಒಳಗೆ ಬಿಡುತ್ತದೆ ಎಂಬುದನ್ನು ಮಕ್ಕಳು ತಾವೇ ಎಣಿಸಿ ನೋಡುತ್ತಾರೆ. ತೆಲುಗನ್ನು ತರಗತಿಯಿಂದ ಹೊರಗಿಟ್ಟರೆ ಈ ಪಾಠ ಸಾಧ್ಯವಾಗದು. ಮಗುವಿಗೆ ಗೊತ್ತಿರುವ ಎರಡನೆಯ ಭಾಷೆಯೇ ಇಲ್ಲಿ ಪಾಠೋಪಕರಣ.

ಪಾಠದ ಕೊನೆಗೆ ನಿಷೇಧವಾಕ್ಯಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅವನು ಬರಲಿಲ್ಲ, ಅವಳು ಬರಲಿಲ್ಲ, ಅದು ಬರಲಿಲ್ಲ, ಅವರು ಬರಲಿಲ್ಲ. ತೆಲುಗಿನಲ್ಲಿ ಇವೆಲ್ಲಕ್ಕೂ ‘ರಾಲೇದು’. ಬಾರದವರ ವಿಷಯದಲ್ಲಿ ಎರಡು ಭಾಷೆಗಳಿಗೂ ಲಿಂಗವಿಲ್ಲ, ವಚನವಿಲ್ಲ. ಮುಂದೆ ಬರುವ ಕಾಲದ ಮಾತಿಗೆ ಹೊರಳಿದರೆ ಕನ್ನಡ ‘ಬರುವುದಿಲ್ಲ’ ಎಂದು ಎಲ್ಲರಿಗೂ ಒಂದೇ ರೂಪ ಹೇಳುತ್ತದೆ. ತೆಲುಗು ‘ರಾಡು, ರಾದು, ರಾರು’ ಎಂದು ಮತ್ತೆ ವಿಂಗಡಿಸುತ್ತದೆ. ಹಾಗೆ ವಿಂಗಡಿಸುವ ಬಾರನು, ಬಾರಳು, ಬಾರದು ಎಂಬ ರೂಪಗಳು ಕನ್ನಡದಲ್ಲಿಯೂ ಇದ್ದವೆಂದು ಹಳೆಯ ಕಾವ್ಯ ಓದುವಾಗ ಮಗುವಿಗೆ ತಿಳಿಯುತ್ತದೆ. ಆ ಹೊತ್ತಿಗೆ ಮನೆಯ ತೆಲುಗು ಅದಕ್ಕೆ ಹಳಗನ್ನಡದ ಟಿಪ್ಪಣಿಯಂತೆ ಕೇಳಿಸೀತು.